ಬೆಂಚಿಲ್ಲದ ಲೀಗ್

"ಈ ಜುಲ್ಫಿಕಾರ ಅನ್ನೋರು ಯಾರ್ರಿ ಇಲ್ಲಿ?"

ವಡಾಲದ ಆ ಹಳೆಯ ಬಿಲ್ಡಿಂಗಿನ ಮೊದಲ ಮಹಡಿ. ಕನ್ನಡ ವಾಚನಾಲಯದ ಉದ್ದನೆಯ ಮೇಜಿನ ಸುತ್ತ ಕೂತಿದ್ದವರ ತಲೆಗಳೆಲ್ಲ ಒಮ್ಮೆಗೇ ಬಾಗಿಲ ಕಡೆ ತಿರುಗಿದವು.

ಬಾಗಿಲಲ್ಲಿ ಆರಿಫಾ ನಿಂತಿದ್ದಳು. ಬಲ ಮೊಣಕಾಲಿಗೆ ಕಪ್ಪು ಪಟ್ಟಿ. ಮೆಟ್ಟಿಲು ಹತ್ತಿದ ಏದುಸಿರು. ಕೈಯಲ್ಲಿ ಮೊಬೈಲು, ಕಣ್ಣಲ್ಲಿ ಬೆಂಕಿ!

ಮೇಜಿನ ಕೊನೆಯ ಕುರ್ಚಿಯಿಂದ ಒಬ್ಬ ಎದ್ದು ನಿಂತ. ತೆಳ್ಳನೆಯ ಆಳು. ಅಂಗಿಯ ತೋಳಿನ ಮೇಲೆ ಗ್ರೀಸಿನ ಕಲೆ. ಅವಳನ್ನು ನೋಡಿದ್ದೇ ಅವನ ಮುಖದ ಬಣ್ಣ ಇಳಿಯಿತು.

"ನಾನ ರೀ..."

"ಓಹೋ, ನೀವ! ಹತ್ತು ವಾರದಿಂದ ನನ್ನ ನಿಮ್ಮ ತಂಡದಾಗ ಇಟ್ಕೊಂಡು ಕುಂತೀರಂತ? ಕಾಲು ಮುರ್ಕೊಂಡು ಬಿದ್ದಾಕಿನ್ನ! ಯಾಕ? ನಿಮ್ಮ ದೋಣಿ ಮುಳುಗಸಾಕ ಕಟ್ಟಿದ ಕಲ್ಲೇನ್ರಿ ನಾನು?"



ಈ ಸಿಟ್ಟಿನ ಹಿಂದಿನ ಕಥೆ ಇಷ್ಟು.

ಮುಂಬೈ ಉಪನಗರಗಳ ಹೆಣ್ಣುಮಕ್ಕಳಿಗೆಂದು ಒಂದು ಹಾಕಿ ಲೀಗ್ ಇದೆ. ಹನ್ನೆರಡು ಭಾನುವಾರಗಳ ಆಟ. ಗಂಡಸರ ಪಂದ್ಯಕ್ಕೆ ಸ್ಕೋರರ್ ಇರುತ್ತಾನೆ, ಕ್ಯಾಮೆರಾ ಇರುತ್ತದೆ, ನೆರಳಿಗೆ ಶಾಮಿಯಾನ ಇರುತ್ತದೆ. ಹೆಂಗಸರ ಪಂದ್ಯಕ್ಕೆ? ಬಿಸಿಲು ಇರುತ್ತದೆ, ಅಷ್ಟೇ! ಯಾರು ಚೆಂಡು ತಡೆದರು, ಯಾರು ಪಾಸು ಕೊಟ್ಟರು ಎಂದು ಒಂದು ಸಾಲು ಬರೆದಿಡುವವರೂ ಇರಲಿಲ್ಲ.

ಆಗ ಈ ವಾಚನಾಲಯದ ಓದುಗರ ಕೂಟ ಒಂದು ಉಪಾಯ ಹೂಡಿತು. ಎಂಟು ಜನ, ಎಂಟು ಕಲ್ಪನೆಯ ತಂಡ. ಪ್ರತಿಯೊಬ್ಬರೂ ನಿಜವಾದ ಆಟಗಾರ್ತಿಯರಲ್ಲಿ ಏಳು ಜನರನ್ನು ಆರಿಸಿಕೊಳ್ಳಬೇಕು. ಭಾನುವಾರ ಮೈದಾನಕ್ಕೆ ಹೋಗಿ, ತನ್ನ ಏಳು ಜನ ಏನು ಮಾಡಿದರೆಂದು ಹಾಳೆಯಲ್ಲಿ ಬರೆದು ತರಬೇಕು. ಗೋಲಿಗೆ ಇಷ್ಟು, ತಡೆದದ್ದಕ್ಕೆ ಇಷ್ಟು ಎಂದು ಅಂಕ. ಹುಡುಗರು ಅದನ್ನು ಫ್ಯಾಂಟಸಿ ಲೀಗ್ ಎಂದರು. ದಾಖಲೆ ಇಡುವ ಇಂದ್ರಾಬಾಯಿ ಟೀಚರ್ ಮಾತ್ರ 'ನಮ್ಮ ಹಾಳಿ ಲೀಗ್' ಎಂದೇ ಕರೆದರು.

ಓದಿಕೊಂಡ ಮಂದಿ ನೋಡಿ, ಸಮಾನತೆಯ ಮೇಲೆ ಪ್ರಾಣ. ಬಲಿಷ್ಠ ತಂಡ ಇನ್ನಷ್ಟು ಕೊಬ್ಬಬಾರದೆಂದು ಎರಡು ನಿಯಮ ಮಾಡಿದರು. ಒಂದು, ಈ ವರ್ಷ ಕೊನೆಗೆ ಬಂದವರಿಗೆ ಮುಂದಿನ ವರ್ಷ ಮೊದಲ ಆಯ್ಕೆ. ಎರಡು, ಬೆಂಚು ಇಲ್ಲ! ಒಳ್ಳೆಯ ಆಟಗಾರ್ತಿಯರನ್ನು ಬೆಂಚಿನ ಮೇಲೆ ಕೂರಿಸಿ ಬಚ್ಚಿಡುವಂತಿಲ್ಲ. ಏಳೇ ಜನ, ಏಳೂ ಲೆಕ್ಕಕ್ಕೆ. ಯಾರಿಗಾದರೂ ಗಾಯವಾದರೆ ಅವಳನ್ನು ಬಿಟ್ಟು ಬೇರೆಯವಳನ್ನು ತೆಗೆದುಕೊಳ್ಳಬೇಕು.

ಜುಲ್ಫಿಕಾರ ಬಿಡಲಿಲ್ಲ.

ಮೊದಲ ಭಾನುವಾರವೇ ಆರಿಫಾಳ ಮೊಣಕಾಲಿನ ಲಿಗಮೆಂಟ್ ಅರ್ಧ ಹರಿದಿತ್ತು. ಅಂದಿನಿಂದ ಅವನ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಹೋದ ವರ್ಷದ ಚಾಂಪಿಯನ್ ಈ ವರ್ಷ ತಳಕ್ಕೆ ಬಿದ್ದಿದ್ದ. ಮೊದಲ ಆಯ್ಕೆಯ ಆಸೆಗೆ ಬೇಕಂತಲೇ ಸೋಲುತ್ತಿದ್ದಾನೆ ಎಂಬ ಗುಸುಗುಸು ಎದ್ದು, ಇಂದು, ಹನ್ನೊಂದನೆಯ ಭಾನುವಾರ, ವಿಚಾರಣೆಗೆ ಕೂತಿದ್ದರು.

"ಹೇಳಪಾ ಜುಲ್ಫಿ," ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ ದಾನಪ್ಪ ಮೀಸೆ ಸವರಿದ. "ಹುಡುಗಿ ಕೇಳಾಕತ್ತಾಳಲ್ಲ? ನಮಗಂತೂ ಹೇಳಲಿಲ್ಲ, ಆಕಿಗರ ಹೇಳು."

ಜುಲ್ಫಿಕಾರ ಒಮ್ಮೆ ಅವಳನ್ನು ನೋಡಿದ. ಆಮೇಲೆ ಮೇಜಿನ ಆಚೆ ಕೂತಿದ್ದ ಹಿತೇಶನನ್ನು ನೋಡಿದ. ಬಾಯಿ ತೆರೆದ... ಮತ್ತೆ ಮುಚ್ಚಿದ.

"ದೇಖಾ?" ಹಿತೇಶ ಕೈ ಚೆಲ್ಲಿದ. ಅವನು ಆರಿಫಾ ಆಡುವ ಕ್ಲಬ್ಬಿನ ಮ್ಯಾನೇಜರ್, ಇಲ್ಲಿಯೂ ಒಂದು ತಂಡದ ಒಡೆಯ. ಆರಿಫಾಳಿಗೆ ಬೆಳಿಗ್ಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದವನೂ ಅವನೇ. "ಜವಾಬ್ ಇಲ್ಲ. ನಮ್ಮ ಕ್ಲಬ್ಬಿನ ಹುಡುಗಿದು ಇಂಜುರಿ ಇಟ್ಕೊಂಡು ಗೇಮ್ ಮಾಡ್ತಾನೆ. ಆರಿಫಾ, ನೀನೇ ಹೇಳು, ನಿನ್ನ ಬಿಡಬೇಕಾ ಬೇಡವಾ?"

ಆರಿಫಾ ಒಂದು ಹೆಜ್ಜೆ ಒಳಗೆ ಬಂದಳು.

'ಹತ್ತು ವಾರ! ನಾನು ಹಾಸಿಗೆ ಮೇಲೆ ಅಳ್ತಾ ಬಿದ್ದಿದ್ದೆ... ಇಲ್ಲಿ ಯಾರೋ ಒಬ್ಬ ನನ್ನ ಅಳುವನ್ನ ಲೆಕ್ಕಕ್ಕೆ ಹಿಡಿದಿದ್ದ!'

"ಬಿಡ್ರಿ ನನ್ನ," ಎಂದಳು. "ಈಗಿಂದೀಗ."

"ಆಗೂದಿಲ್ಲ ರೀ," ಎಂದ ಜುಲ್ಫಿಕಾರ. ದನಿ ಮೆತ್ತಗಿತ್ತು, ಆದರೆ ಅಲುಗಲಿಲ್ಲ. "ಇನ್ನೊಂದು ಭಾನುವಾರ ತಡೀರಿ. ಆಮ್ಯಾಗ ನೀವು ಏನಂದ್ರೂ ಅನ್ರಿ."

"ನಾನೇನ್ ನಿಮ್ಮ ಮನಿ ಸಾಮಾನೇನ್ರಿ? ನಿಮ್ಮ ಮಾರಿ ನೋಡಿದ್ರ ಅಸಹ್ಯ ಬರ್ತೈತಿ!"

ಅವನು ತಲೆ ತಗ್ಗಿಸಿದ.

ಕೈ ಎತ್ತಲು ಹೇಳಿದರು. ತಂಡ ರದ್ದಾಗಲಿ ಎಂದು ಐದು ಕೈ ಮೇಲೆದ್ದವು. ದಾನಪ್ಪನದೂ ಇನ್ನೊಬ್ಬರದೂ ಏಳಲಿಲ್ಲ. ಜುಲ್ಫಿಕಾರನ ತಂಡ ರದ್ದಾಯಿತು.

ಅವನು ಚೀಲ ಹೆಗಲಿಗೇರಿಸಿ ಬಾಗಿಲ ತನಕ ಬಂದ. ಅವಳ ಪಕ್ಕದಲ್ಲಿ ಒಂದು ಕ್ಷಣ ನಿಂತ.

"ಇಳಿಯೂವಾಗ ಗೋಡಿ ಕಡೆ ಹಿಡಕೊಂಡು ಇಳೀರಿ," ಎಂದ. "ಮೂರನೇ ಮೆಟ್ಲು ಸಡಲೈತಿ."

ಅಷ್ಟೇ. ಹೋಗಿಬಿಟ್ಟ!

ಆರಿಫಾ ಗೆದ್ದಿದ್ದಳು. ಗೆದ್ದ ಸಂತೋಷ ಮಾತ್ರ ಎಲ್ಲೂ ಸಿಗಲಿಲ್ಲ.

ಗುರುವಾರ ಸಂಜೆ. ಬಾಂದ್ರಾದ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಆರಿಫಾ ಮನೆಗೆ ಬಂದಾಗ ಒಳಗೆ ಇಂದ್ರಾಬಾಯಿ ಟೀಚರ್ ಕೂತಿದ್ದರು. ತೊಡೆಯ ಮೇಲೊಂದು ದಪ್ಪ ಫೈಲು. ಪಕ್ಕದಲ್ಲಿ ಅಮ್ಮೀ ಜೇಬುನ್ನೀಸಾ ಚಹಾ ಸೋಸುತ್ತಿದ್ದಳು.

"ಬಾ ಗೇ," ಎಂದಳು ಅಮ್ಮೀ. "ಟೀಚರ್ ಅರ್ಧ ತಾಸು ಆತು ಬಂದು. ಚಾ ನಕ್ಕೋ, ಬಿಸ್ಕೀಟೂ ಬ್ಯಾಡಂತ, ಬರೇ ಸುಮ್ಮ ಕುಂತಾರ. ಏನ್ ಮಾಡಿ ಬಂದಿ ನೀ?"

ಇಂದ್ರಾಬಾಯಿ ಕನ್ನಡಕ ತೆಗೆದರು. ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಹೆಂಗಸು, ಇವತ್ತು ಮಾತಿಗೆ ತಡಕಾಡಿದರು.

"ಆಕಿ ಏನೂ ಮಾಡಿಲ್ಲವ್ವ. ತಪ್ಪು ನಂದು. ಆರಿಫಾ, ನಿನ್ನ ಕ್ಲಬ್ಬಿನವರು ನಿನ್ನ ಗಾಯದ ಪತ್ರ ಲೀಗಿಗೆ ಕೊಟ್ಟಾರೇನು?"

"ಹೌದಲ್ಲ ಟೀಚರ್. ಹಿತೇಶ್ ಭಾಯಿ 'ಸಬ್ ಹೋ ಗಯಾ' ಅಂದಾರ."

"ಕೊಟ್ಟಿಲ್ಲ. ನಿನ್ನೆ ಲೀಗಿನ ಕಾರ್ಯದರ್ಶಿನ್ನ ಕೇಳಿ ಬಂದೆ." ಇಂದ್ರಾಬಾಯಿ ಫೈಲಿನ ದಾರ ಬಿಚ್ಚಿದರು. "ಆಡಿದವರ ಹೆಸರು ಅಂಪೈರ್ ಚೀಟಿಯೊಳಗ ಇರತದ. ಆಡದವರದು? ಹೆಂಗಸರ ಲೀಗಿಗೆ ಬ್ಯಾರೆ ದಾಖಲೆ ಎಲ್ಲೈತಿ? ನಮ್ಮ ಹಾಳೀನ ಲೀಗಿನವರು ತಮ್ಮ ರಿಜಿಸ್ಟರಿಗೆ ಅಂಟಸ್ತಾರ. ಹನ್ನೆರಡನೇ ಭಾನುವಾರದ ಹಾಳಿಯೊಳಗ ಹೆಸರಿದ್ರ ಇದ್ದಾಳ. ಇಲ್ಲಾಂದ್ರ 'ಆಟ ಬಿಟ್ಟವಳು' ಅಂತ ಬರೀತಾರ."

"ಬರೀಲಿ. ಬರೋ ವರ್ಷ ಮತ್ತ ಟ್ರಯಲ್ ಕೊಡ್ತೀನಿ."

"ಟ್ರಯಲ್ ಇಪ್ಪತ್ಮೂರರ ಒಳಗಿನವರಿಗೆ ಮಾತ್ರ. ನಿನಗ ಇಪ್ಪತ್ತಾರು."

ಚಹಾದ ಪಾತ್ರೆಯಿಂದ ಹಬೆ ಏಳುತ್ತಿತ್ತು. ಯಾರೂ ಮುಟ್ಟಲಿಲ್ಲ.

'ಬರೋ ಭಾನುವಾರ... ಅಂದರೆ ಮೂರೇ ದಿನ. ಆಮೇಲೆ ನಾನು ಹಾಕಿ ಆಡುವವಳೇ ಅಲ್ಲ!'

"ಹಿತೇಶಗ ಕ್ಲಬ್ಬಿನೊಳಗ ಇರೋವು ಹದಿನೆಂಟ ಜಾಗ," ಇಂದ್ರಾಬಾಯಿ ಮುಂದುವರಿಸಿದರು. "ನಿನ್ನ ಜಾಗ ಖಾಲಿ ಆದ್ರ ಹೊಸ ಹುಡುಗಿ ಒಬ್ಬಾಕಿನ್ನ ತರಬೇಕಂತ ಅಂವನ ಲೆಕ್ಕ. ಅದಕ್ಕ ಅಡ್ಡ ನಿಂತದ್ದು ಒಂದ ಒಂದು ಹಾಳಿ. ಜುಲ್ಫಿಕಾರಂದು. ರಿಜಿಸ್ಟರಿನ ಈ ಪದ್ಧತಿ ಅಂವಗ ಗೊತ್ತಿತ್ತು. ಅಲ್ಲೇ ಎಲ್ಲಾರ ಮುಂದ ಬಾಯಿ ಬಿಟ್ಟಿದ್ರ ಹಿತೇಶ ಅವತ್ತ ಕ್ಲಬ್ಬಿನ ಪಟ್ಟಿಯಿಂದ ನಿನ್ನ ಹೆಸರು ಹೊಡದು ಹಾಕ್ತಿದ್ದ. ಅದಕ್ಕ ಹುಡುಗ ಸುಮ್ಮ ನಿಂತಾನ."

"ನಿಮಗ... ನಿಮಗ ಗೊತ್ತಿತ್ತೇನು ಟೀಚರ್?"

ಇಂದ್ರಾಬಾಯಿಯ ಕಣ್ಣು ತುಂಬಿದವು.

"ಗೊತ್ತಿರಲಿಲ್ಲ. ಅದ ನನ್ನ ಪಾಪ. ಹಾಳಿಯೊಳಗ ನಾಕು ಕಾಲಂ. ಹೆಸರು, ಆಟ, ಅಂಕ, ಷರಾ. ನಾವು ಪ್ರತಿ ವಾರ ಅಂಕದ ಕಾಲಂ ಅಷ್ಟ ಗಟ್ಟಿಯಾಗಿ ಓದತೀವಿ. ಷರಾ ಯಾರು ಓದ್ತಾರ? ಊರಿಗೆ ಓದು ಕಲಿಸಾಕ ಹೊಂಟ ಕೂಟ ನಮ್ಮದು... ಒಂದು ಕಾಲಂ ಓದಲಿಲ್ಲ ನೋಡವಾ! ಭಾನುವಾರ ಅಂವ ಹೋದಮ್ಯಾಲೆ ನಿದ್ದಿ ಬರಲಿಲ್ಲ. ಎಲ್ಲಾ ತಗದು ಓದಿದೆ."

ಹಾಳೆಗಳನ್ನು ಅವಳ ಮುಂದೆ ಹರಡಿದರು.

ಆರಿಫಾ ಬಗ್ಗಿದಳು. ಓರೆಯಾದ, ಒತ್ತಿ ಬರೆದ ಅಕ್ಷರ.

ಎರಡನೆಯ ಭಾನುವಾರ. ಅಂಕ: ಸೊನ್ನೆ. ಷರಾ: ಗಾಯಗೊಂಡಿದ್ದಾರೆ. ಆಟ ಬಿಟ್ಟಿಲ್ಲ. ಇವರನ್ನು ಇಟ್ಟುಕೊಂಡದ್ದರಿಂದ ನಾನು ಕೊನೆಗೆ ಬಂದರೆ ಮೊದಲ ಆಯ್ಕೆ ನನಗೆ ಬೇಡ. ಏಳನೆಯ ಸ್ಥಾನದವರಿಗೆ ಕೊಡಿ.

ನಾಲ್ಕನೆಯ ಭಾನುವಾರ. ಅಂಕ: ಸೊನ್ನೆ. ಷರಾ: ಕೋಲೂರಿಕೊಂಡು ಬಂದಿದ್ದರು. ಗೆರೆಯ ಹೊರಗಿನಿಂದ ಎಡಗಡೆಯ ಹುಡುಗಿಗೆ 'ಹಿಂದೆ ಸರಿ' ಎಂದು ಕೂಗಿದರು. ಆಕೆ ಸರಿದಳು, ಗೋಲು ತಪ್ಪಿತು. ಇದಕ್ಕೆ ಅಂಕ ಕೊಡುವ ನಿಯಮ ನಮ್ಮಲ್ಲಿಲ್ಲ.

ಆರನೆಯ ಭಾನುವಾರ. ಅಂಕ: ಸೊನ್ನೆ. ಷರಾ: ಹುಡುಗಿಯರು ಬಟ್ಟೆ ಬದಲಿಸಲು ಕೋಣೆ ಕೊಡದಿದ್ದಕ್ಕೆ ಮೈದಾನದವರ ಜೊತೆ ಜಗಳ. ಒಂದು ತಾಸು ನಿಂತೇ ಜಗಳವಾಡಿದರು. ಕೀ ಸಿಕ್ಕಿತು.

ಎಂಟನೆಯ ಭಾನುವಾರ. ಅಂಕ: ಸೊನ್ನೆ. ಷರಾ: ಬಂದಿರಲಿಲ್ಲ. ಮೈದಾನ ಖಾಲಿ ಅನ್ನಿಸಿತು.

ಕೊನೆಯ ವಾಕ್ಯದ ಮೇಲೆ ಗೀಟು ಎಳೆದಿತ್ತು. ಎಳೆದರೂ ಅಕ್ಷರ ಕಾಣುತ್ತಿತ್ತು.

ಹತ್ತನೆಯ ಭಾನುವಾರ. ಅಂಕ: ಸೊನ್ನೆ. ಷರಾ: ಕೋಲಿಲ್ಲದೆ ನಡೆದರು.

ಆ ದಿನ ಆರಿಫಾಳಿಗೆ ನೆನಪಿತ್ತು. ಮೈದಾನದ ಹಿಂದೆ, ಯಾರೂ ಇಲ್ಲವೆಂದುಕೊಂಡು, ಕೋಲನ್ನು ಗೋಡೆಗೊರಗಿಸಿ ನಡೆದಿದ್ದಳು. ಬಿದ್ದರೆ ಯಾರೂ ನೋಡಬಾರದು ಎಂದು. ಬೀಳದೆ ನಡೆದಾಗ... ಅಯ್ಯೋ, ಯಾರಾದರೂ ನೋಡಿದ್ದರೆ ಎಂದು ಎಷ್ಟು ಅನ್ನಿಸಿತ್ತು!

ನೋಡಿದ್ದರು.

ಅವಳು ಅತ್ತಳು. ಹಾಳೆಯ ಮೇಲೆ ಹನಿ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಅತ್ತಳು.

"ನಾನು ಅಂವಗ ಏನಂದೆ ಗೊತ್ತೇನು ಅಮ್ಮೀ? ಮಾರಿ ನೋಡಿದ್ರ ಅಸಹ್ಯ ಬರ್ತೈತಿ ಅಂದೆ..."

ಜೇಬುನ್ನೀಸಾ ಮಗಳ ತಲೆ ನೇವರಿಸಿದಳು.

"ಊರ ಮಂದಿ ಕಣ್ಣಿಗೆಲ್ಲಾ ನಂಬರ್ ಹಚ್ಚಿ ಕೊಡ್ತಿ. ನಿಂದೂ ಒಮ್ಮೆ ತಪಾಸ್ ಮಾಡಿಸ್ಕೋ ಹೋಗು," ಎಂದಳು. ಆಮೇಲೆ ಇಂದ್ರಾಬಾಯಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಟೀಚರ್, ಹುಡುಗ ಏನ್ ಮಾಡ್ತಾನ?"

"ಲಿಫ್ಟ್ ಮೆಕ್ಯಾನಿಕ್. ಮಲಾಡದಾಗ. ವಿಜಾಪುರ ಕಡೆಯವರು."

"ಹಾಂ..." ಎಂದಳು ಅಮ್ಮೀ. ಆ ಒಂದು 'ಹಾಂ'ನಲ್ಲಿ ಎಷ್ಟೆಲ್ಲ ಇತ್ತು!

ಆ ರಾತ್ರಿಯೇ ಅವನಿಗೆ ಫೋನ್ ಮಾಡಬಹುದಿತ್ತು. ಟೀಚರ್ ನಂಬರ್ ಕೊಟ್ಟಿದ್ದರು. ಆರಿಫಾ ಮಾಡಲಿಲ್ಲ. ಎಂಟು ಜನರ ಮುಂದೆ ಎರಚಿದ ಕೆಸರನ್ನು ಫೋನಿನಲ್ಲಿ ಗುಟ್ಟಾಗಿ ತೊಳೆಯುವುದು ಯಾವ ನ್ಯಾಯ? ಎಲ್ಲಿ ಚೆಲ್ಲಿದೆನೋ ಅಲ್ಲೇ ಬಳಿಯಬೇಕು ಎಂದುಕೊಂಡಳು.

ಹನ್ನೆರಡನೆಯ ಭಾನುವಾರ. ಅದೇ ಮೇಜು. ಜುಲ್ಫಿಕಾರನ ಕುರ್ಚಿ ಮಾತ್ರ ಖಾಲಿ.

ಆರಿಫಾ ಕೂರಲಿಲ್ಲ. ನಿಂತೇ ಷರಾಗಳನ್ನು ಓದಿದಳು. ಎರಡನೆಯ ವಾರದ್ದು, ನಾಲ್ಕನೆಯದು, ಆರನೆಯದು. ಎಂಟನೆಯದರಲ್ಲಿ ಗೀಟೆಳೆದ ವಾಕ್ಯ ಬಂದಾಗ ನುಂಗಿಕೊಂಡಳು. ಅದು ಅವಳದು, ಅವಳೊಬ್ಬಳದು.

"ಹೋದ ವಾರ ಇದ ಜಾಗಾದಾಗ ನಿಂತು ಒಬ್ಬ ಮನಷ್ಯಾನ ಮ್ಯಾಲೆ ಸುಳ್ಳು ಹೇಳಿದೆ," ಎಂದಳು. "ತಪ್ಪಾತು. ಅಂವ ಮೊದಲ ಆಯ್ಕೆ ಬ್ಯಾಡ ಅಂತ ಎರಡನೇ ವಾರನ ಬರದು ಕೊಟ್ಟಾನ. ಇನ್ನ ಸೋಲೋದ್ರಾಗ ಅಂವಗ ಏನ್ ಲಾಭ? ಹೇಳ್ರಿ."

ದಾನಪ್ಪ ಮೇಜು ಕುಟ್ಟಿದ. "ನಾ ಕೈ ಎತ್ತಿರಲಿಲ್ಲವ್ವ, ನೆನಪಿರಲಿ!"

"ಮಾವಾ, ಕೈ ಎತ್ತಿರಲಿಲ್ಲ ಖರೆ. ಬಾಯಿನೂ ಎತ್ತಿರಲಿಲ್ಲ."

ದಾನಪ್ಪ ಮೀಸೆಯೊಳಗೇ ನಕ್ಕ.

"ಬಲಿಷ್ಠರು ಬಚ್ಚಿಟ್ಕೋಬಾರದು ಅಂತ ಬೆಂಚು ತಗದೀರಿ," ಆರಿಫಾಳ ದನಿ ಏರಿತು. "ಭೇಷ್! ಎಂಟು ತಂಡ ಒಂದ ತಕ್ಕಡಿಯೊಳಗ ಸಮ ಆದವು. ಆದರ ಬಿದ್ದಾಕಿ ಎಲ್ಲಿ ಕೂಡಬೇಕ್ರಿ? ನಿಮ್ಮ ಸಮಾನತೆಯೊಳಗ ಕಾಲು ಮುರದಾಕಿಗೆ ಒಂದು ಗೇಣು ಜಾಗಾ ಇಲ್ಲಲ್ಲ! ತಂಡಗಳನ್ನ ತೂಗಿದ್ರಿ. ಆಟಗಾರ್ತಿನ್ನ ತೂಗಲಿಲ್ಲ. ನನಗ ಜಾಗಾ ಕೊಟ್ಟಾಂವ ಒಬ್ಬನ, ಅಂವನ್ನ ನೀವು ಹೊರಗ ಹಾಕಿದ್ರಿ. ನಾನೂ ನಿಮ್ಮ ಜೋಡಿ ಸೇರಿ ಹಾಕಿದೆ."

ಯಾರೋ ಕುರ್ಚಿ ಸರಿಸಿದರು.

"ಪ್ರತಿ ತಂಡಕ್ಕ ಒಂದು ಎಂಟನೇ ಜಾಗಾ ಬೇಕು. ಗಾಯ ಆದಾಕಿಗೆ ಮಾತ್ರ. ಡಾಕ್ಟರ್ ಚೀಟಿ ಇರಬೇಕು. ಅಂಕ ಬ್ಯಾಡ, ಹೆಸರು ಇರಲಿ."

"ಆರಿಫಾ, ಬ್ಯಾಲೆನ್ಸ್ ಹಾಳಾಗ್ತದೆ," ಹಿತೇಶ ಮುಂದೆ ಬಾಗಿದ. "ನಾಳೆ ಎಲ್ಲಾರೂ ಒಳ್ಳೆ ಪ್ಲೇಯರ್‌ಗೆ ಇಂಜುರಿ ಅಂತ ಹೇಳಿ ಅಲ್ಲಿ ಛುಪಾಯಿಸ್ತಾರೆ. ಫಿರ್?"

"ಅದಕ್ಕ ಡಾಕ್ಟರ್ ಚೀಟಿ ಅಂದದ್ದು. ಹಿತೇಶ್ ಭಾಯಿ, ನನ್ನ ಚೀಟಿ ನಿಮ್ಮ ಕೈಯಾಗ ಕೊಟ್ಟಿದ್ದೆ. ಎಲ್ಲೈತಿ?"

ಹಿತೇಶ ಕಿಟಕಿಯ ಕಡೆ ನೋಡಿದ.

"ಹದಿನೆಂಟೇ ಜಾಗ ಅದೆ," ಎಂದ ಕೊನೆಗೆ. ದನಿಯಲ್ಲಿ ಹಿಂದಿನ ಜೋರಿರಲಿಲ್ಲ. "ಟೀಮ್ ಡೂಬ್ ರಹೀ ಥೀ, ಮುಳುಗ್ತಾ ಇತ್ತು. ನಾನೇನ್ ಮಾಡ್ಲಿ?"

"ಕೇಳಬೇಕಿತ್ತು ನನ್ನ. ಆರು ವರ್ಷ ನಿಮ್ಮ ಡಿಫೆನ್ಸ್ ಕಾದಾಕಿ ನಾನು. ಒಂದು ಮಾತು ಕೇಳಬೇಕಿತ್ತು."



ಇಂದ್ರಾಬಾಯಿ ಕೈ ಎತ್ತಲು ಹೇಳಿದರು. ಒಂದು, ಎರಡು, ನಾಲ್ಕು... ಆರು! ಏಳನೆಯ ಕೈ ಹಿತೇಶನದು. ಅದು ಏಳಲಿಲ್ಲ. ಅವನು ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟು, ಯಾರ ಮುಖವನ್ನೂ ನೋಡದೆ ಎದ್ದು ಹೋದ. ಡಾಕ್ಟರ್ ಚೀಟಿ. ಇಷ್ಟು ವಾರವೂ ಅವನ ಜೇಬಿನಲ್ಲೇ ಇತ್ತು.

ಜುಲ್ಫಿಕಾರನ ತಂಡ ಮರಳಿ ಬಂತು. ಇಂದ್ರಾಬಾಯಿ ಹೊಸ ಹಾಳೆ ತೆಗೆದು, ಉಳಿದ ಆರು ಹೆಸರು ಬರೆದು, ಏಳನೆಯ ಸಾಲು ಖಾಲಿ ಬಿಟ್ಟು, ಎಂಟನೆಯದರಲ್ಲಿ ದುಂಡಗೆ ಬರೆದರು. ಆರಿಫಾ. ಗಾಯ. ಆಟದಲ್ಲಿದ್ದಾಳೆ.

ಆರಿಫಾ ಆ ಮೂರು ಪದಗಳನ್ನು ಎರಡು ಸಲ ಓದಿಕೊಂಡಳು.

"ಅಂವ ಯಾಕ ಬಂದಿಲ್ಲ ಟೀಚರ್?"

"ಮಲಾಡದಾಗ ಯಾವುದೋ ಸೊಸೈಟಿಯೊಳಗ ಲಿಫ್ಟ್ ಬಂದ್ ಬಿದ್ದೈತಂತ." ಇಂದ್ರಾಬಾಯಿ ಒಂದು ಚೀಟಿಯಲ್ಲಿ ವಿಳಾಸ ಬರೆದು ಮುಂದೆ ಚಾಚಿದರು. "ಕೇಳಿ ಇಟ್ಟೀನಿ. ನೀ ಕೇಳ್ತಿ ಅಂತ ಗೊತ್ತಿತ್ತು."

ವಡಾಲದಿಂದ ಲೋಕಲ್ ಹಿಡಿದು ಅಂಧೇರಿಯಲ್ಲಿ ಇಳಿದು, ಸ್ಲೋ ಟ್ರೇನು ಬದಲಿಸಿ ಮಲಾಡ್. ಲೇಡೀಸ್ ಡಬ್ಬಿಯಲ್ಲಿ ಯಾರೋ ಅವಳ ಮೊಣಕಾಲಿನ ಪಟ್ಟಿ ನೋಡಿ ಎದ್ದು ಸೀಟು ಕೊಟ್ಟರು. ಬೇರೆ ದಿನವಾಗಿದ್ದರೆ 'ಬೇಡ' ಎಂದು ಸೆಟೆದುಕೊಳ್ಳುತ್ತಿದ್ದಳು. ಇವತ್ತು ಸುಮ್ಮನೆ ಕೂತಳು. ಆ ಅಪರಿಚಿತ ಹೆಂಗಸಿನ ಕೈಯನ್ನು ಒಮ್ಮೆ ಒತ್ತಿದಳು.

'ಎಷ್ಟು ಜನ ನನ್ನನ್ನ ಹಿಡಿದು ನಿಲ್ಲಿಸ್ತಾ ಇದ್ದರು... ನಾನು ಬಿದ್ದದ್ದನ್ನಷ್ಟೇ ಲೆಕ್ಕ ಹಾಕ್ತಿದ್ದೆ!'

ಆ ಬಿಲ್ಡಿಂಗಿಗೆ ಏಳು ಮಹಡಿ. ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿ 'ಬಂದ್ ಹೈ' ಎಂಬ ರಟ್ಟು ತೂಗುಬಿಟ್ಟಿದ್ದರು. ವಾಚ್‌ಮನ್ ಮೇಲೆ ಬೆರಳು ತೋರಿಸಿದ. "ಮಿಸ್ತ್ರಿ ಟೆರೇಸ್ ಪೇ ಹೈ. ಆಪ್ ನೀಚೇ ರುಕೋ, ಪೈರ್ ದೇಖೋ ಅಪ್ನಾ."

ಆರಿಫಾ ಕಾಲು ನೋಡಿಕೊಂಡಳು. ಆಮೇಲೆ ಮೊದಲ ಮೆಟ್ಟಿಲ ಮೇಲೆ ಇಟ್ಟಳು.

ಎರಡನೆಯ ಮಹಡಿಗೆ ಬೆವರು. ನಾಲ್ಕನೆಯದಕ್ಕೆ ಮೊಣಕಾಲು ಅಂಟಿಕೊಂಡಂತಾಯಿತು. ಐದರಲ್ಲಿ ಮೆಟ್ಟಿಲ ಮೇಲೆ ಕೂತು, ಉಸಿರು ತೆಗೆದುಕೊಂಡು, ಮತ್ತೆ ಎದ್ದಳು. ಎಡಗಾಲು ಮೊದಲು, ಬಲಗಾಲು ಆಮೇಲೆ. ಒಂದೊಂದೇ.

"ಕೌನ್ ಹೈ?" ಮೇಲಿನಿಂದ ದನಿ. "ಲಿಫ್ಟ್ ಆಧಾ ಘಂಟಾ..."

ಆರನೆಯ ಮಹಡಿಯ ತಿರುವಿನಲ್ಲಿ ಅವನ ತಲೆ ಕಾಣಿಸಿತು. ಕೈಯಲ್ಲಿ ನಟ್ಟು ಬಿಗಿಯುವ ಪಾನ. ಅದು ಠಣ್ಣನೆ ಕೆಳಗೆ ಬಿತ್ತು!

"ಅರೇ! ನಿಮಗ ತಲಿ ಕೆಟ್ಟೈತೇನ್ರಿ? ಆ ಮೊಣಕಾಲು ಇಟ್ಕೊಂಡು ಆರು ಮಹಡಿ!"

"ಮೆಟ್ಲು ಹತ್ರಿ ಅಂತ ಡಾಕ್ಟರ್ ಹೇಳ್ಯಾರ."

"ಒಂದ ಸಲಕ್ಕ ಆರು ಹತ್ರಿ ಅಂದಾರೇನು?"

"ಎಷ್ಟಂತ ಹೇಳಿಲ್ಲ."

ಅವನು ಮೂರು ಮೆಟ್ಟಿಲು ಒಟ್ಟಿಗೆ ಹಾರಿ ಇಳಿದು ಬಂದ. ಅವಳ ತೋಳು ಹಿಡಿಯಲು ಕೈ ಚಾಚಿ, ಗ್ರೀಸು ಕಂಡು, ಹಿಂದೆ ಎಳೆದುಕೊಂಡ. ಅವಳೇ ಆ ಕೈಯನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಅವನು ಒಂದು ಮೆಟ್ಟಿಲು ಕೆಳಗೆ ಕೂತ.



"ಎಲ್ಲಾರ ಮುಂದ ತಪ್ಪಾತು ಅಂದು ಬಂದೀನಿ," ಎಂದಳು. "ನಿಮ್ಮ ತಂಡ ವಾಪಸ್ ಬಂದೈತಿ. ನನ್ನ ಹೆಸರು ಹಾಳಿಯೊಳಗ ಐತಿ. ಈಗ ನಿಮ್ಮ ಮುಂದ ಹೇಳಬೇಕು. ಆ ದಿನ ಆಡಿದ ಮಾತು..."

"ಬಿಡ್ರಿ. ನಿಮ್ಮ ಜಾಗಾದಾಗ ನಾನಿದ್ರೂ ಹಂಗ ಅಂತಿದ್ದೆ."

"ಬಿಡೂದಿಲ್ಲ. ಯಾಕ ಹೇಳಲಿಲ್ಲ ನನಗ? ಹಿತೇಶ್ ಭಾಯಿ ಇಲ್ಲದಾಗರ ಹೇಳಬಹುದಿತ್ತಲ್ಲ?"

ಜುಲ್ಫಿಕಾರ ಬೆರಳಿನ ಗ್ರೀಸನ್ನು ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಮೈದಾನದಾಗ ನಾವು ಆಟಗಾರ್ತಿಯರ ಜೋಡಿ ಮಾತಾಡಬಾರದಂತ ನಿಯಮ ಐತ್ರಿ. ಪಕ್ಷಪಾತ ಆಗತೈತಂತ."

"ಮೈದಾನದ ಹೊರಗ?"

"ಹೊರಗ ನಿಯಮ ಇರಲಿಲ್ಲ." ಅವನು ನಕ್ಕ. "ಧೈರ್ಯನೂ ಇರಲಿಲ್ಲ."

ಆರಿಫಾಳಿಗೂ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾದವು.

"ಮೂರು ವರ್ಷದ ಹಿಂದ ಮೊದಲನೇ ಸಲ ಆರಿಸೂವಾಗ ನಂದು ಕೊನೇ ನಂಬರ್," ಎಂದ ಅವನು. "ಗೋಲು ಹೊಡಿಯೋರನ್ನೆಲ್ಲಾ ಮಂದಿ ಮೊದಲ ಒಯ್ದಿದ್ರು. ಡಿಫೆಂಡರ್ ಯಾರಿಗೆ ಬೇಕ್ರಿ? ನೀವು ಉಳದಿದ್ರಿ. ಬ್ಯಾರೆ ದಾರಿ ಇಲ್ಲದ ತಗೊಂಡೆ. ಸಿಟ್ಟಿಗೇಳಬ್ಯಾಡ್ರಿ..."

"ಹೇಳ್ರಿ."

"ತಗೊಂಡಮ್ಯಾಲೆ ಬಂದು ನೋಡಬೇಕಲ್ಲ, ಬರೀಬೇಕಲ್ಲ. ನೋಡಿದೆ. ಚೆಂಡು ಬರೂಕ್ಕಿಂತ ಮೊದಲ ನೀವು ಅಲ್ಲಿ ನಿಂತಿರ್ತಿದ್ರಿ. ಮಂದಿ ಚಪ್ಪಾಳಿ ಹೊಡಿಯೂದು ಗೋಲು ಹೊಡದಾಕಿಗೆ. ಆಗದ ಹೋದ ಗೋಲಿಗೆ ಯಾರು ಹೊಡೀತಾರ? ಅದನ್ನ ನೋಡೋ ಚಟ ಬಿತ್ತು ನನಗ. ಭಾನುವಾರ ಯಾವಾಗ ಬರ್ತೈತಿ ಅಂತ ಸೋಮವಾರ ಶುರು ಆಗತಿತ್ತು." ಅವನು ಬಟ್ಟೆಯನ್ನು ಮಡಚಿದ. "ನೀವು ಬಿದ್ದ ದಿನ ಎಲ್ಲಾರೂ 'ಬಿಟ್ಟು ಬ್ಯಾರೆ ತಗೋ' ಅಂದ್ರು. ನಿಯಮನೂ ಅದ. ನನಗ... ನಿಮ್ಮ ಹೆಸರಿನ ಮ್ಯಾಲೆ ಗೀಟು ಎಳಿಯಾಕ ಕೈ ಬರಲಿಲ್ಲ ರೀ. ಅಷ್ಟ."

ಹತ್ತು ವಾರ! ಅಷ್ಟೂ ವಾರ ಅವಳು ಒಬ್ಬಳೇ ಎಂದುಕೊಂಡಿದ್ದಳು. ಕ್ಲಬ್ಬಿಗೆ ಬೇಡವಾದವಳು, ಆಟಕ್ಕೆ ಬೇಡವಾದವಳು ಎಂದು ದಿಂಬಿಗೆ ಮುಖ ಒತ್ತಿಕೊಂಡಿದ್ದಳು. ಆ ಪ್ರತಿಯೊಂದು ಭಾನುವಾರವೂ ಒಬ್ಬ ಮನುಷ್ಯ ತಾನು ಸೋಲುತ್ತ, ಅವಳ ಹೆಸರನ್ನು ಗೆಲ್ಲಿಸುತ್ತ ಕೂತಿದ್ದ.

"ಶುಕ್ರಿಯಾ," ಎಂದಳು. ಆ ಪದ ಸಾಲದು ಅನ್ನಿಸಿತು. "ನಾನು ಇದ್ದೀನಿ ಅಂತ ಬರದೀರಲ್ಲ... ಅದಕ್ಕ."

"ನೀವು ಇದ್ರಿ," ಎಂದ ಜುಲ್ಫಿಕಾರ. "ನಾ ಬರದೆ, ಅಷ್ಟ."

ಆರಿಫಾ ತಡೆದುಕೊಳ್ಳಲಿಲ್ಲ. ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು. ಅವನು ಕಲ್ಲಿನ ಹಾಗೆ ಕೂತ, ಉಸಿರಾಡಿದರೆ ಎಲ್ಲಿ ಎದ್ದುಬಿಡುವಳೋ ಎಂಬಂತೆ.

"ನೀವೂ ನನಗ ಬೇಕ್ರಿ," ಎಂದಳು ಮೆಲ್ಲಗೆ. "ಉಳದೀರಿ ಅಂತ ಅಲ್ಲ. ಆರಿಸಿ ಹೇಳಾಕತ್ತೀನಿ."

ಅವನು ಕಣ್ಣು ಮುಚ್ಚಿಕೊಂಡ. "ಇನ್ನೊಮ್ಮೆ ಹೇಳ್ರಿ."

"ಹೇಳೂದಿಲ್ಲ. ಮನಿಗೆ ಬಂದು ಅಮ್ಮೀ ಮುಂದ ಕೇಳ್ರಿ. ಆಕಿ ಗುರುವಾರದಿಂದ ಕಾಯಾಕತ್ತಾಳ. ನಿಮ್ಮ ಊರು, ಮನಿತನ, ಪಗಾರ ಎಲ್ಲಾ ಟೀಚರ್ ಕಡೆಯಿಂದ ಕೇಳಿ ಮುಗಿಸ್ಯಾಳ."

"ಯಾ ಅಲ್ಲಾ! ಗುರುವಾರದಿಂದನ?"

"ಹೌದು. ನಾ ಇವತ್ತ ಹೇಳಾಕತ್ತೀನಿ. ಆಕಿ ನನಗಿಂತ ಮುಂದ ಅದಾಳ."

ಅಷ್ಟರಲ್ಲಿ ನಾಲ್ಕನೆಯ ಮಹಡಿಯಿಂದ ಬಾಗಿಲು ತೆರೆದ ಸದ್ದು. ಹಿಂದೆಯೇ ಒಂದು ಹೆಂಗಸಿನ ಕಂಚಿನ ಕಂಠ.

"ಓ ಮಿಸ್ತ್ರೀ! ಲಿಫ್ಟ್ ಕಬ್ ಚಾಲೂ ಹೋಗಾ?"

ಜುಲ್ಫಿಕಾರ ಗಡಬಡಿಸಿ ತಲೆ ಎತ್ತಿದ. "ಪಾಂಚ್ ಮಿನಿಟ್, ಆಂಟೀ!"

ಆರಿಫಾ ಅವನ ತೋಳನ್ನು ಹಿಡಿದೆಳೆದಳು. ಹೆಗಲಿನಿಂದ ತಲೆ ಎತ್ತದೆಯೇ ಪಿಸುಗುಟ್ಟಿದಳು.

"ಹತ್ತು ಅನ್ರಿ."

ಅವನು ಅವಳನ್ನು ನೋಡಿದ. ನಕ್ಕ. ಕೂತಲ್ಲಿಂದಲೇ ಕಂಬಿಗಳ ಸಂದಿನಿಂದ ಕೆಳಗೆ ನೋಡಿ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಿದ:

"ದಸ್ ಮಿನಿಟ್, ಆಂಟೀ... ದಸ್!"